ಆ ಡಬ್ಬಿಯನ್ನು ಎಲ್ಲಿ ಖಾಲಿ ಮಾಡಬೇಕು? ಉತ್ತರ ಕನ್ನಡ ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಪ್ರವಾಸೋದ್ಯಮ ಇಲಾಖೆಯವರಿಗೆ, ಮಾಜಾಳಿಯಿಂದ ಭಟ್ಕಳದವರೆಗಿನ ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ, ಪಿಡಿಒಗಳಿಗೆ, ಹಾಗೆಯೇ ವ್ಯಾನ್ ತೆಗೆದುಕೊಂಡು ನಮ್ಮ ಕರಾವಳಿಗೆ ಇಳಿಯುವ ಎಲ್ಲರಿಗೆ,

ನಮಸ್ಕಾರ.

ಮಳೆಗಾಲ ಮುಗಿದು ಅಕ್ಟೋಬರ್ ಬಂತೆಂದರೆ ಘಟ್ಟ ಇಳಿದು ಬರುವ ಗಾಡಿಗಳಲ್ಲಿ ಈಚೆಗೆ ಒಂದು ಹೊಸ ಜಾತಿ ಸೇರಿಕೊಂಡಿದೆ. ಹಿಂದಿನ ಸೀಟಿನ ಜಾಗದಲ್ಲಿ ಹಾಸಿಗೆ, ಬಾಗಿಲ ಬುಡದಲ್ಲಿ ಒಲೆ, ತಲೆಯ ಮೇಲೆ ಸೋಲಾರ್ ಹಲಗೆ. ಹೆಚ್ಚಿನವು ಈಕೋ, ಹಳೆಯ ಓಮ್ನಿ. ನಡುವೆ ಒಂದೊಂದು ವಿಂಗರ್, ಟೆಂಪೋ ಟ್ರಾವೆಲರ್. ಲಾಡ್ಜಿಗೆ ದುಡ್ಡು ಸುರಿಯದೆ, ಗಾಡಿಯಲ್ಲೇ ಮಲಗಿ, ಗಾಡಿಯಲ್ಲೇ ಗಂಜಿ ಬೇಯಿಸಿಕೊಂಡು, ಮಧ್ಯಾಹ್ನ ಯಾವುದಾದರೂ ಖಾನಾವಳಿಯಲ್ಲಿ ಮೀನೂಟ ಮಾಡಿ ವಾರಗಟ್ಟಲೆ ತಿರುಗುವ ಜನ ಇವರು. ಈ ಪತ್ರ ಬರೆಯುತ್ತಿರುವ ನಾವು ಅಂಥ ಗಾಡಿಗಳನ್ನು ಕಟ್ಟುವವರು, ರಿಪೇರಿ ಮಾಡುವವರು, ಓಡಿಸುವವರು.

ನಮ್ಮ ಬೇಡಿಕೆ ಸಣ್ಣದು, ಸ್ವಲ್ಪ ಮುಜುಗರದ್ದೂ ಹೌದು. ಗಾಡಿಯ ಶೌಚದ ಡಬ್ಬಿಯನ್ನು ಖಾಲಿ ಮಾಡಲು ಐದು ಕರಾವಳಿ ತಾಲ್ಲೂಕುಗಳಲ್ಲಿ ಒಂದೊಂದು ನ್ಯಾಯವಾದ ಜಾಗ ಬೇಕು. ಅದೇ ಆವರಣದಲ್ಲಿ ಒಂದು ನಲ್ಲಿ, ಒಂದು ಪ್ಲಗ್, ರಾತ್ರಿ ಕಳೆಯಲು ಏಳೆಂಟು ಗಾಡಿಗಳಷ್ಟು ನೆಲ. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದ ಮೇಲೆ ನಮ್ಮಲ್ಲೂ ಆ ಮಾತು ಆಗಾಗ ಏಳುತ್ತದೆ. ಎದ್ದಾಗಲೆಲ್ಲ ಎಸಿ ಬಸ್ಸು, ಹುಲ್ಲುಹಾಸು, ಖಾಸಗಿ ಹೂಡಿಕೆ, ರೆಸಾರ್ಟ್ ಎಂದು ಎಲ್ಲಿಗೋ ಹೋಗಿಬಿಡುತ್ತದೆ. ಎರಡು ಲಕ್ಷದ ಸೆಕೆಂಡ್ ಹ್ಯಾಂಡ್ ಈಕೋದಲ್ಲಿ ಬರುವವನಿಗೆ ಅದು ಯಾವುದೂ ಬೇಡ.

ಡಬ್ಬಿಯ ವಿಷಯ ಮೊದಲು, ಯಾಕೆಂದರೆ ಬೇರೆಲ್ಲಕ್ಕೂ ಹೇಗೋ ದಾರಿ ಸಿಗುತ್ತದೆ, ಇದಕ್ಕೆ ಸಿಗುವುದಿಲ್ಲ.

ಈ ಗಾಡಿಗಳಲ್ಲಿ ಇರುವುದು ಎರಡು ಭಾಗದ ಪ್ಲಾಸ್ಟಿಕ್ ಶೌಚಪೆಟ್ಟಿಗೆ. ಮೇಲೆ ಕೂರುವ ಜಾಗ ಮತ್ತು ನೀರು, ಕೆಳಗೆ 20 ಲೀಟರಿನ ಮುಚ್ಚಿದ ಡಬ್ಬಿ. ಇಬ್ಬರು ಬಳಸಿದರೆ ಎರಡು, ಹೆಚ್ಚೆಂದರೆ ಮೂರು ದಿನಕ್ಕೆ ತುಂಬುತ್ತದೆ. ನಮ್ಮ ಕರಾವಳಿಯ ಸೆಕೆಗೆ ಮೂರನೇ ದಿನದವರೆಗೆ ಇಟ್ಟುಕೊಳ್ಳುವುದೂ ಕಷ್ಟ. ಒಳಗೆ ಅನಿಲ ತುಂಬಿ ಡಬ್ಬಿ ಉಬ್ಬುತ್ತದೆ, ಮುಚ್ಚಳ ತೆರೆದಾಗ ಮುಖಕ್ಕೇ ಹಾರುತ್ತದೆ. ಹಾಗಾಗಿ ಎರಡು ದಿನಕ್ಕೊಮ್ಮೆ ಎಲ್ಲಾದರೂ ಸುರಿಯಲೇಬೇಕು. ಸಾರ್ವಜನಿಕ ಶೌಚಾಲಯಕ್ಕೆ ಒಯ್ದರೆ ಅಲ್ಲಿನ ಪ್ಯಾನಿನ ಟ್ರ್ಯಾಪ್ (ನೀರು ನಿಲ್ಲುವ ಬಾಗಿದ ಕೊಳವೆ) 20 ಲೀಟರನ್ನು ಒಮ್ಮೆಲೇ ನುಂಗುವುದಿಲ್ಲ. ತುಂಬಿ ಹೊರಗೆ ಹರಿಯುತ್ತದೆ. ಕಾವಲಿನವರು ಬೈಯುತ್ತಾರೆ, ಬೈಯುವುದರಲ್ಲಿ ತಪ್ಪೂ ಇಲ್ಲ. ಉಳಿಯುವುದು ಗಾಳಿಮರದ ತೋಪು, ಹೆದ್ದಾರಿಯ ಚರಂಡಿ, ಇಲ್ಲವೇ ಹೊಯಿಗೆಯಲ್ಲಿ (ಮರಳಿನಲ್ಲಿ) ಕೈಯಿಂದ ತೋಡಿದ ಗುಂಡಿ. ಹೊಯಿಗೆ ಶೋಧಿಸುತ್ತದೆ ಎಂಬ ನಂಬಿಕೆ ಅನೇಕರಿಗಿದೆ. ತೀರದ ಹೊಯಿಗೆಯಲ್ಲಿ ಅಂತರ್ಜಲ ಕೆಲವು ಅಡಿಗಳಲ್ಲೇ ಇರುತ್ತದೆ, ನೀರು ಬೇಗ ಇಳಿಯುವ ಕಾರಣ ಹೊಲಸೂ ಬೇಗ ಇಳಿಯುತ್ತದೆ. ಹತ್ತಿರದ ಮೀನುಗಾರರ ಕೇರಿಯ ಬಾವಿ ಅದೇ ನೀರಿನದು.

ಇದಕ್ಕೆ ಬೇಕಾದ ರಚನೆಯನ್ನು ಊರಿನ ಯಾವ ಗಾರೆ ಮೇಸ್ತ್ರಿಯೂ ಎರಡು ದಿನದಲ್ಲಿ ಕಟ್ಟಬಲ್ಲ. ಹೊರದೇಶದಿಂದ ತರಿಸುವ ಉಪಕರಣ ಬೇಡ. ನೆಲದಿಂದ ಒಂದು ಅಡಿ ಎತ್ತರಕ್ಕೆ ಚಿರೇಕಲ್ಲಿನ ಕಟ್ಟೆ, ಅದರ ಮೇಲೆ ಅಗಲ ಬಾಯಿಯ ಸಾಮಾನ್ಯ ಒರಿಸ್ಸಾ ಪ್ಯಾನ್. ಒಂದು ಅಡಿ ಏಕೆಂದರೆ, ತುಂಬಿದ ಡಬ್ಬಿ 22–23 ಕಿಲೋ ತೂಗುತ್ತದೆ. ಅದನ್ನು ಸೊಂಟದೆತ್ತರಕ್ಕೆ ಎತ್ತಿದರೆ ಚೆಲ್ಲುತ್ತದೆ, ನೆಲಕ್ಕೇ ಬಗ್ಗಿ ಸುರಿದರೆ ಕಾಲಿಗೆ ಸಿಡಿಯುತ್ತದೆ. ಪ್ಯಾನಿನಿಂದ 110 ಎಂಎಂ ಪಿವಿಸಿ ಕೊಳವೆ, 40 ಅಡಿಗೆ ಒಂದು ಅಡಿ ಇಳಿಜಾರಿನಲ್ಲಿ, ನೇರ ಸೆಪ್ಟಿಕ್ ಟ್ಯಾಂಕಿನ ಮೊದಲ ಕೋಣೆಗೆ. ಟ್ರ್ಯಾಪಿನಲ್ಲಿ ನೀರು ನಿಂತಿರಬೇಕು, ಇಲ್ಲದಿದ್ದರೆ ವಾಸನೆ ಹೊರಗೆ ಬರುತ್ತದೆ. ಗಾಳಿಕೊಳವೆಯ ತುದಿಗೆ ಸೊಳ್ಳೆ ಬಲೆ ಕಟ್ಟಬೇಕು.

ಇಲ್ಲಿ ಎರಡು ಕಡೆ ಕೆಲಸ ಕೆಡುತ್ತದೆ. ಮೊದಲನೆಯದು ಮಳೆ. ನಮ್ಮ ಕರಾವಳಿಗೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಸುತ್ತ ಮಳೆ. ಕಟ್ಟೆಯ ಸುತ್ತಲಿನ ಸಿಮೆಂಟ್ ನೆಲವನ್ನು ತೊಳೆಯಲು ಅನುಕೂಲವೆಂದು ಪ್ಯಾನಿನ ಕಡೆಗೇ ಇಳಿಜಾರು ಕೊಡುತ್ತಾರೆ. ಜೂನ್ ತಿಂಗಳಲ್ಲಿ ಅಷ್ಟೂ ಮಳೆನೀರು ಟ್ಯಾಂಕಿಗೆ ಹೋಗಿ, ತಳದಲ್ಲಿ ಕೂತಿದ್ದ ಕೆಸರನ್ನು ಎಬ್ಬಿಸಿ ಇಂಗುಗುಂಡಿಗೆ ತಳ್ಳುತ್ತದೆ. ಗುಂಡಿ ಕಟ್ಟಿಕೊಂಡರೆ ಮತ್ತೆ ತೋಡದೆ ಗತಿಯಿಲ್ಲ. ಆದ್ದರಿಂದ ಸುತ್ತ ಎರಡು ಇಂಚಿನ ಅಂಚುಕಟ್ಟೆ, ಮೇಲೆ ಒಂದು ಶೀಟಿನ ಮಾಡು, ಪ್ಯಾನಿಗೆ ಮುಚ್ಚಳ. ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ದೂರ ಇರಬೇಕು, ಹೊಯಿಗೆ ನೆಲದಲ್ಲಿ ಇನ್ನೂ ದೂರವಿದ್ದರೆ ಒಳ್ಳೆಯದು.

ಎರಡನೆಯದು ರಾಸಾಯನಿಕ. ಡಬ್ಬಿಯ ವಾಸನೆ ತಡೆಯಲು ಸುರಿಯುವ ನೀಲಿ ದ್ರಾವಣಗಳಲ್ಲಿ ಕೆಲವು ಫಾರ್ಮಾಲ್ಡಿಹೈಡ್ ಇರುವಂಥವು. ಅವು ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತವೆ. ಟ್ಯಾಂಕ್ ಬರೀ ಹೊಲಸಿನ ತೊಟ್ಟಿಯಾಗಿ ಉಳಿಯುತ್ತದೆ. ಫಿನಾಯಿಲ್ ಸುರಿಯುವವರೂ ಇದ್ದಾರೆ, ಅದೂ ಅಷ್ಟೇ. ಎಂಜೈಮ್ ಆಧಾರಿತ ದ್ರಾವಣ ಮಾತ್ರ ಬಳಸಿರಬೇಕೆಂದು ಫಲಕದಲ್ಲಿ ಕನ್ನಡ, ಕೊಂಕಣಿ, ಹಿಂದಿಗಳಲ್ಲಿ ಬರೆದು ಹಾಕಬೇಕು. ಒದ್ದೆ ಟಿಶ್ಯೂ, ಪ್ಯಾಡು, ಡಯಾಪರ್ ಡಬ್ಬಿಗೆ ಹಾಕಿದವರಿಗೆ ದಂಡ ಹಾಕಿದರೂ ಅಡ್ಡಿಯಿಲ್ಲ.

ಇನ್ನೊಂದು ಮಾತು, ಇದರಲ್ಲಿ ರಾಜಿಯಿಲ್ಲ. ಡಬ್ಬಿ ತಂದವನೇ ಸುರಿಯಬೇಕು, ಅವನೇ ತೊಳೆಯಬೇಕು. ಐವತ್ತು ರೂಪಾಯಿ ಕೈಗಿಟ್ಟು ಸ್ವಚ್ಛತಾ ಸಿಬ್ಬಂದಿಗೆ ಡಬ್ಬಿ ದಾಟಿಸುವ ಅಭ್ಯಾಸ ಮೊದಲ ದಿನದಿಂದಲೇ ಬೀಳದಂತೆ ನೋಡಿಕೊಳ್ಳಿ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ ಇರುವ ದೇಶದಲ್ಲಿ ಪ್ರವಾಸೋದ್ಯಮದ ಹೆಸರಿನಲ್ಲಿ ಅದು ಹಿಂಬಾಗಿಲಿನಿಂದ ಬರಬಾರದು.

ಎಂಟು ಗಾಡಿ ನಿಂತ ದಿನ ಈ ಗುಂಡಿಗೆ ಬೀಳುವುದೆಷ್ಟು? ಗಾಡಿಗೆ ದಿನಕ್ಕೆ ಸರಾಸರಿ 10 ಲೀಟರ್, ತೊಳೆದ ನೀರು ಇನ್ನು 10, ಒಟ್ಟು 160 ಲೀಟರ್. ಈಗಾಗಲೇ ಕಡಲತೀರಗಳಲ್ಲಿರುವ ಶೌಚಾಲಯದ ಸೆಪ್ಟಿಕ್ ಟ್ಯಾಂಕಿಗೇ ಇದನ್ನು ಜೋಡಿಸಬಹುದು. ಹಾಗೆ ಜೋಡಿಸಿದರೆ ಪ್ಯಾನು, ಕೊಳವೆ, ಕಟ್ಟೆ, ಮಾಡು, ಕೂಲಿ ಎಲ್ಲ ಸೇರಿ ಮೂವತ್ತು ಸಾವಿರ ರೂಪಾಯಿಯ ಆಸುಪಾಸು ಎಂಬುದು ನಮ್ಮ ಅಂದಾಜು. ಸ್ವಾಗತ ಕಮಾನಿಗೆ ಇದಕ್ಕಿಂತ ಹೆಚ್ಚು ಖರ್ಚಾಗುತ್ತದೆ.

ನೀರಿನ ಲೆಕ್ಕ ಕೇಳಿದರೆ ಪಂಚಾಯಿತಿಯವರಿಗೆ ಸಮಾಧಾನವಾದೀತು. ಏಪ್ರಿಲ್‌ನಲ್ಲಿ ತಮ್ಮ ಊರಿಗೇ ಟ್ಯಾಂಕರ್ ತರಿಸುವವರು ಬಂದವರಿಗೆಲ್ಲ ನೀರು ಕೊಡಬೇಕೇ ಎಂದು ಕೇಳುವುದು ಸಹಜ. ವ್ಯಾನಿನಲ್ಲಿ ಒಬ್ಬರಿಗೆ ದಿನಕ್ಕೆ 20ರಿಂದ 25 ಲೀಟರ್ ಸಾಕು: ಕುಡಿಯಲು 4, ಅಡುಗೆಗೆ 4, ಪಾತ್ರೆಗೆ 4, ಉಳಿದದ್ದು ಮಗ್ಗಿನಲ್ಲಿ ಅಳೆದು ಮಾಡುವ ಸ್ನಾನಕ್ಕೆ. 60 ಲೀಟರಿನ ಟ್ಯಾಂಕ್ ಇರುವ ಗಾಡಿಯಲ್ಲಿ ಇದಕ್ಕಿಂತ ಹೆಚ್ಚು ಖರ್ಚು ಮಾಡುವುದು ಸಾಧ್ಯವೂ ಇಲ್ಲ. ಗಾಡಿಗೆ ಇಬ್ಬರಂತೆ ಎಂಟು ಗಾಡಿಗೆ ಸುಮಾರು 360 ಲೀಟರ್. ಹೋಟೆಲಿನ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್ ಎಂದು ಭಾರತೀಯ ಮಾನಕ ಐಎಸ್ 1172 ಲೆಕ್ಕ ಹಿಡಿಯುತ್ತದೆ. ಅದೇ ಹದಿನಾರು ಜನ ಲಾಡ್ಜಿಗೆ ಹೋದರೆ 2,880 ಲೀಟರ್ ಬೇಕು.

ಕುಡಿಯುವ ನೀರಿನ ನಲ್ಲಿಯನ್ನು ಡಬ್ಬಿ ಸುರಿಯುವ ಕಟ್ಟೆಯ ಪಕ್ಕದಲ್ಲಿ ಇಡಬೇಡಿ. ಬಾಗಿಲಲ್ಲಿ ನೀರು, ಹೊರಹೋಗುವ ದಾರಿಯಲ್ಲಿ ಡಬ್ಬಿ, ಹೀಗಿದ್ದರೆ ಕೈ ಬೆರೆಯುವುದಿಲ್ಲ. ಡಬ್ಬಿ ತೊಳೆಯುವ ನಲ್ಲಿಗೆ ಒಂದೇ ಮೀಟರಿನ ಪೈಪ್ ಖಾಯಂ ಕಟ್ಟಿ ಕೆಂಪು ಬಣ್ಣ ಬಳಿಯಬೇಕು, ಆಗ ಅದು ಗಾಡಿಯ ಟ್ಯಾಂಕಿಗೆ ಎಟುಕುವುದಿಲ್ಲ. ಕುಡಿಯುವ ನಲ್ಲಿ ಮುಕ್ಕಾಲು ಇಂಚಿನದು, ಹಿತ್ತಾಳೆಯದು, ಬಾಯಿಯ ಹೊರಮೈಗೆ ಥ್ರೆಡ್ ಇರುವಂಥದ್ದಾಗಿರಲಿ, ಪೈಪ್ ಜೋಡಿಸಬಹುದು. ಪಾತ್ರೆ ತೊಳೆದ ನೀರಿಗೆ ಎಣ್ಣೆ ಹಿಡಿಯುವ ಸಣ್ಣ ತೊಟ್ಟಿ, ಅಲ್ಲಿಂದ ತೆಂಗಿನ ಬುಡಕ್ಕೆ ಬಿಟ್ಟರಾಯಿತು. ಅಘನಾಶಿನಿ ನದಿಯ ಗಜನಿ (ಉಬ್ಬರದ ಉಪ್ಪುನೀರು ತಾಕುವ ಗದ್ದೆಗಳ) ಸೀಮೆಯಲ್ಲಿ ಮತ್ತು ಅಳಿವೆಗಳ ಹತ್ತಿರ ಬೇಸಿಗೆಗೆ ಬಾವಿ ನೀರು ಉಪ್ಪಾಗುತ್ತದೆ, ಅಂಥಲ್ಲಿ ನಲ್ಲಿ ಬೇಡವೇ ಬೇಡ. ಒಳಗಿನ ಚಿರೇಕಲ್ಲು ನೆಲದ ಊರುಗಳನ್ನು ಆರಿಸಿಕೊಳ್ಳಿ.

ಸೋಲಾರ್ ಇದೆಯಲ್ಲ, ಪ್ಲಗ್ ಯಾಕೆ ಎಂದು ಕೇಳುತ್ತಾರೆ. ಬಜೆಟ್ ಗಾಡಿಯ ಮೇಲೆ 100ರಿಂದ 150 ವ್ಯಾಟಿನ ಹಲಗೆ, ಒಳಗೆ 12 ವೋಲ್ಟಿನ 100 ಎಎಚ್ (ಆಂಪಿಯರ್-ತಾಸು) ಲಿಥಿಯಂ ಫಾಸ್ಫೇಟ್ ಬ್ಯಾಟರಿ. 20 ವ್ಯಾಟಿನ ಫ್ಯಾನ್ ರಾತ್ರಿ ಹತ್ತು ತಾಸು ತಿರುಗಿದರೆ 200 ವ್ಯಾಟ್-ತಾಸು, ದೀಪ, ಮೊಬೈಲು, ನೀರಿನ ಪಂಪು ಸೇರಿ ಒಟ್ಟು ಮುನ್ನೂರು. ಪುಟ್ಟ ಫ್ರಿಜ್ ಇದ್ದರೆ ಮೇಲೆ ಇನ್ನೊಂದು ಮುನ್ನೂರರಿಂದ ಐನೂರು. ಫೆಬ್ರವರಿಯ ಬಿಸಿಲಿನಲ್ಲಿ ನೂರು ವ್ಯಾಟಿನ ಹಲಗೆ ನಷ್ಟ ಕಳೆದು ದಿನಕ್ಕೆ 350 ಕೊಟ್ಟೀತು. ಆದರೆ ಬಿಸಿಲಿಗೆ ನಿಲ್ಲಿಸಿದರೆ ಗಾಡಿ ಕಾದ ಕಾವಲಿಯಾಗುತ್ತದೆ, ನೆರಳಿಗೆ ನಿಲ್ಲಿಸಿದರೆ ಹಲಗೆ ಸುಮ್ಮನೆ ಕೂರುತ್ತದೆ. ಈ ತೊಡಕಿಗೆ ಮದ್ದು 6 ಆಂಪಿಯರಿನ ಒಂದು ಸಾದಾ ಪ್ಲಗ್. 10 ಆಂಪಿಯರಿನ ಬ್ಯಾಟರಿ ಚಾರ್ಜರ್ ಎಳೆಯುವುದು 150 ವ್ಯಾಟಿನ ಸುತ್ತ. ಇಡೀ ರಾತ್ರಿಗೆ ಅರ್ಧದಿಂದ ಒಂದು ಯೂನಿಟ್. ಇಂಡಕ್ಷನ್ ಒಲೆಗೆ 16 ಆಂಪಿಯರ್ ಬೇಕು. ಅದನ್ನು ಗಾಡಿಗೊಂದರಂತೆ ಕೊಡದೆ ಒಂದು ಸಾಮಾನ್ಯ ಅಡುಗೆಮಾಡಿನಲ್ಲಿ ಎರಡು ಇಟ್ಟರೆ ಹೆಸ್ಕಾಂನಿಂದ ದೊಡ್ಡ ಲೋಡ್ ಕೇಳುವ ಪ್ರಮೇಯ ಬರುವುದಿಲ್ಲ.

ಕಡಲಗಾಳಿಗೆ ಕಬ್ಬಿಣದ ಸ್ವಿಚ್‌ಬಾಕ್ಸ್ ಎರಡೇ ವರ್ಷದಲ್ಲಿ ಜರಡಿಯಾಗುತ್ತದೆ. ನೀರು, ಧೂಳು ಹೋಗದ ಐಪಿ 65 ದರ್ಜೆಯ ಪ್ಲಾಸ್ಟಿಕ್ ಪೆಟ್ಟಿಗೆ, ವೈರು ಕೆಳಗಿನಿಂದ ಒಳಹೋಗುವಂತೆ, ವೈರಿನ ತುದಿಗೆ ತವರ ಲೇಪದ ಲಗ್ಗು, ಪ್ರತಿ ಸಾಲಿಗೂ ಕರೆಂಟ್ ಸೋರಿದೊಡನೆ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಒಣ ಹೊಯಿಗೆಯಲ್ಲಿ ಅರ್ತಿಂಗ್ ಹಿಡಿಯುವುದೇ ಇಲ್ಲ. ಪೈಪ್ ತೇವ ಸಿಗುವ ಆಳಕ್ಕೆ, ಎಂಟು ಹತ್ತು ಅಡಿ ಇಳಿಯಬೇಕು, ಪ್ರತಿ ವರ್ಷ ಪರೀಕ್ಷಿಸಬೇಕು. ಬರಿಗಾಲಲ್ಲಿ, ಒದ್ದೆ ಮೈಯಲ್ಲಿ ಪ್ಲಗ್ ಮುಟ್ಟುವ ಜನ ಇವರು. ಇಲ್ಲಿ ನೂರು ರೂಪಾಯಿ ಉಳಿಸಲು ಹೋಗಬೇಡಿ.

ಈಗ ಜಾಗದ ವಿಷಯ. ಜಾಗ ಕೊಡದಿದ್ದರೆ ಗಾಡಿಗಳು ಬರುವುದು ನಿಲ್ಲುವುದಿಲ್ಲ, ಕತ್ತಲಾದ ಮೇಲೆ ಸಿಕ್ಕಲ್ಲಿ ನಿಲ್ಲುತ್ತವೆ. ಎನ್‌ಎಚ್ 66ರ ಅಗಲೀಕರಣದಲ್ಲಿ ಗುಡ್ಡ ಕಡಿದು ಮಾಡಿದ ಅಗಲ ಅಂಚುಗಳು ರಾತ್ರಿ ನೋಡಲು ಪಾರ್ಕಿಂಗಿನಂತೆಯೇ ಕಾಣುತ್ತವೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಇಳಿದಾಗ ಹೆದ್ದಾರಿ ಬದಿಯ ಚಹಾ ಅಂಗಡಿಯೂ ಅಲ್ಲಿ ನಿಂತಿದ್ದ ವಾಹನಗಳೂ ಮಣ್ಣಿನೊಡನೆ ಹೋದವು, ಕೆಲವು ಗಂಗಾವಳಿ ನದಿಯ ಪಾಲಾದವು. ನಿಂತು ದಣಿವಾರಿಸಿಕೊಳ್ಳುವ ಜಾಗವೇ ಅದಾಗಿತ್ತು. ರಾತ್ರಿ ಹನ್ನೊಂದಕ್ಕೆ ಬೀಚಿನ ಬದಿಯಲ್ಲಿ ಗಾಜು ತಟ್ಟಿ ಎಬ್ಬಿಸಿ ‘ಇಲ್ಲಿ ನಿಲ್ಲುವಂತಿಲ್ಲ, ಹೊರಡಿ’ ಎಂದರೆ ನಿದ್ದೆಗಣ್ಣಿನ ಚಾಲಕ ಹೋಗುವುದು ಅಂಥ ಅಂಚಿಗೇ. ಬೀಟಿನ ಪೊಲೀಸರಿಗೆ ‘ಇಲ್ಲಿ ಬೇಡ, ಅಲ್ಲಿಗೆ ಹೋಗಿ’ ಎಂದು ಬೆರಳು ತೋರಿಸಲು ಒಂದು ‘ಅಲ್ಲಿ’ ಇರಬೇಕು. ಗಾಡಿಯವರಿಗೂ ಹೇಳುತ್ತೇವೆ: ಕಡಿದ ಗುಡ್ಡ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ ನಿಲ್ಲಿ, ವಾಲಿದ ಮರ, ಮಣ್ಣಿನಿಂದ ಜಿನುಗುವ ಕೆಂಪು ನೀರು, ರಸ್ತೆಯಲ್ಲಿ ಹೊಸ ಬಿರುಕು ಕಂಡರೆ ಎಂಜಿನ್ ಆರಿಸಲೂ ಹೋಗಬೇಡಿ.

ತೀರದಲ್ಲೇ ಜಾಗ ಕೊಡಿ ಎಂದು ನಾವು ಕೇಳುತ್ತಿಲ್ಲ, ಕೊಟ್ಟರೂ ಬೇಡ. ಮಳೆಗಾಲ ಕಳೆದ ತಿಂಗಳುಗಳಲ್ಲಿ ರಂಪಣಿ ಬಲೆ ಎಳೆಯಲು ಮೀನುಗಾರರಿಗೆ ಉದ್ದಕ್ಕೂ ಖಾಲಿ ದಂಡೆ ಬೇಕು. ಅಲ್ಲಿ ಗಾಡಿ, ಟೆಂಟು, ಕುರ್ಚಿ ಹರಡಿದರೆ ಜಗಳವಾಗದೆ ಇರುತ್ತದೆಯೇ? ಮೀನು ಒಣಗಿಸುವ ಬಯಲು ಖಾಲಿಯಾಗಿ ಕಂಡರೂ ಖಾಲಿಯಲ್ಲ. ಹೊನ್ನಾವರದ ಕಾಸರಕೋಡು ಮುಂತಾದ ಕಡೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಕಡಲಾಮೆ ಮೊಟ್ಟೆಯಿಡಲು ಬರುತ್ತದೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ ಅದು. ಚಕ್ರ ಹರಿದರೆ ಗೂಡಿನ ಮೇಲಿನ ಹೊಯಿಗೆ ಒತ್ತಿಕೊಂಡು ಮರಿಗಳು ಮೇಲೆ ಬರಲಾರವು. ಗಾಡಿಯ ಬಿಳಿ ದೀಪ ಕಂಡರೆ ಸಮುದ್ರ ಬಿಟ್ಟು ದೀಪದ ಕಡೆ ಹರಿಯುತ್ತವೆ. ಇದೆರಡಕ್ಕಿಂತ ಯಾರೂ ಎಣಿಸದ ಹಾನಿ ಇನ್ನೊಂದಿದೆ: ಎಸೆದ ಅನ್ನ, ಮೀನಿನ ಮುಳ್ಳಿಗೆ ನಾಯಿಗಳು ದಂಡೆಗೆ ರೂಢಿಯಾಗಿ, ಆಮೇಲೆ ಗೂಡು ಬಗೆಯತೊಡಗುತ್ತವೆ. ಹಾಗಾಗಿ ತಂಗುದಾಣ ಗಾಳಿಮರದ ಸಾಲಿನ ಒಳಬದಿಗೆ, ಉಬ್ಬರದ ಗೆರೆಯಿಂದ ಕನಿಷ್ಠ ಇನ್ನೂರು ಮೀಟರ್ ಆಚೆ ಇರಲಿ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮದ ತಕರಾರೂ ಕಡಿಮೆಯಾಗುತ್ತದೆ. ದೀಪ ಮೊಣಕಾಲೆತ್ತರದಲ್ಲಿ, ಕೆಳಮುಖವಾಗಿ, ಹಳದಿ-ಕೆಂಪು ಬಣ್ಣದ್ದಾಗಿರಲಿ. ಬಿಣಗಾ, ಅರ್ಗಾ ಸುತ್ತ ನೌಕಾನೆಲೆಯ ಆಸುಪಾಸಿನಲ್ಲಂತೂ ನಿಲ್ಲುವ ಮಾತೇ ಬೇಡ, ಅಲ್ಲಿ ‘ನಿಲ್ಲಬಾರದು’ ಎಂಬ ಫಲಕದ ಜೊತೆ ‘ಎಲ್ಲಿ ನಿಲ್ಲಬಹುದು’ ಎಂದೂ ಬರೆದರೆ ಅವರಿಗೂ ಉಪಕಾರ.

ನೆಲ ಹುಡುಕಲು ಕಷ್ಟಪಡಬೇಕಿಲ್ಲ. ಸಂತೆ ಮೈದಾನ ವಾರದಲ್ಲಿ ಆರು ದಿನ ಖಾಲಿ. ದೇವಸ್ಥಾನಗಳ ವಾಹನ ನಿಲುಗಡೆ ಜಾತ್ರೆ, ಶಿವರಾತ್ರಿ ಬಿಟ್ಟರೆ ರಾತ್ರಿ ಹೊತ್ತು ಖಾಲಿ. ಕೊಂಕಣ ರೈಲ್ವೆಯ ಸಣ್ಣ ನಿಲ್ದಾಣಗಳ ಹೊರಗಿನ ಅಂಗಳಗಳನ್ನೂ ಕೇಳಿ ನೋಡಬಹುದು. ಒಂದು ಗಾಡಿಗೆ ಮೂರೂವರೆ ಮೀಟರ್ ಅಗಲ, ಏಳು ಮೀಟರ್ ಉದ್ದ ಸಾಕು. ನೆಲಕ್ಕೆ ಜಲ್ಲಿ ಹಾಕಿ, ಕಾಂಕ್ರೀಟ್ ಬೇಡ. ಬರೀ ಕೆಮ್ಮಣ್ಣು ಬಿಟ್ಟರೆ ಒಂದು ಅಕಾಲದ ಮಳೆಗೆ ಸಾಬೂನಿನಂತೆ ಜಾರುತ್ತದೆ. ಬಾಗಿಲಿಗೆ ಎತ್ತರ ತಡೆಯುವ ಕಂಬಿ ಹಾಕುವುದಾದರೆ ಮೂರು ಮೀಟರ್ ಬಿಡಿ, ಇಲ್ಲದಿದ್ದರೆ ಟ್ರಾವೆಲರಿನ ನೆತ್ತಿಯ ಸೋಲಾರ್ ಹಲಗೆ ಅಲ್ಲೇ ಉಳಿಯುತ್ತದೆ. ಗಾಡಿಗಳು ಪೂರ್ವ-ಪಶ್ಚಿಮವಾಗಿ ನಿಲ್ಲುವಂತೆ ಸಾಲು ಹಾಕಿ. ಹಗಲು ಕಡಲಿನಿಂದ ಬರುವ ಗಾಳಿ ನಡುರಾತ್ರಿಯ ಮೇಲೆ ಮಗ್ಗುಲು ಬದಲಿಸಿ ಘಟ್ಟದ ಕಡೆಯಿಂದ ಬೀಸುತ್ತದೆ. ಹಿಂಬಾಗಿಲು ಪೂರ್ವಕ್ಕಿದ್ದರೆ ಬೆಳಗಿನ ಜಾವ ಎಸಿಯ ನೆನಪೂ ಬಾರದು. ತೆಂಗಿನ ಮರದಡಿ ಮಾತ್ರ ಒಂದು ಸಾಲೂ ಬೇಡ. ಒಂದು ಕಾಯಿ ಸಾಕು, ಗಾಜಿಗೂ ತಲೆಗೂ.

ದರ ಚಿಕ್ಕ ಗಾಡಿಗೆ ರಾತ್ರಿಗೆ 150, ದೊಡ್ಡದಕ್ಕೆ 250 ರೂಪಾಯಿ ಇಟ್ಟರೆ ಯಾರೂ ತಕರಾರು ಮಾಡುವುದಿಲ್ಲ. ಈಕೋದಲ್ಲಿ ಇಬ್ಬರು ಏಳು ದಿನಕ್ಕೆ 400 ಕಿ.ಮೀ. ಓಡಿದರೆ ಲೀಟರಿಗೆ 15ರ ಲೆಕ್ಕದಲ್ಲಿ 27 ಲೀಟರ್ ಪೆಟ್ರೋಲ್, ಸುಮಾರು 2,800 ರೂಪಾಯಿ. ಊಟ ತಿಂಡಿಗೆ ನಾಲ್ಕು ಸಾವಿರ. ತಂಗಲು ಸಾವಿರದ ಐವತ್ತು. ಟೋಲ್ ಬೇರೆ. ಎಂಟು ಸಾವಿರದೊಳಗೆ ಮುಗಿಯುವ ಈ ಲೆಕ್ಕ ರಾತ್ರಿಗೆ 800 ಎಂದರೆ ಕೆಟ್ಟುಹೋಗುತ್ತದೆ. ಆಗ ಅವರು ಮತ್ತೆ ಗಾಳಿಮರದ ತೋಪಿಗೇ ಹೋಗುತ್ತಾರೆ. ಎಂಟು ಜಾಗದಲ್ಲಿ ಸರಾಸರಿ ನಾಲ್ಕು ತುಂಬಿದರೂ ಎಂಟು ತಿಂಗಳಿಗೆ 1,44,000 ರೂಪಾಯಿ ಹುಟ್ಟುತ್ತದೆ. ಪಂಚಾಯಿತಿ ಇದರಿಂದ ಶ್ರೀಮಂತವಾಗುವುದಿಲ್ಲ, ಒಪ್ಪುತ್ತೇವೆ. ಸ್ತ್ರೀಶಕ್ತಿ ಸಂಘಕ್ಕೆ ವಹಿಸಿದರೆ ಬೆಳಗಿನ ತಿಂಡಿ, ಒಣಮೀನು, ಮುರುಗಲು ಸಿಪ್ಪೆ ಮಾರಾಟವೂ ಸೇರಿ ಎರಡು ಮನೆಗೆ ಆಧಾರವಾದೀತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಗಿಲು ಹಾಕಿಬಿಡಿ.

ಸಾರಿಗೆ ಇಲಾಖೆಗೂ ಒಂದು ವಿನಂತಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. ಸೀಟು ಕಿತ್ತು, ಛಾವಣಿ ಕೊರೆದು ಆಮೇಲೆ ಅಪಘಾತವಾದಾಗ ವಿಮೆಯವರು ಕೈಯೆತ್ತಿದರೆ ಅಳುವುದು ಮಾಲೀಕ. ಕಳಚಿ ತೆಗೆಯಬಹುದಾದ ಪ್ಲೈವುಡ್ ಹಾಸಿಗೆ ಯಾವುದು, ಅನುಮತಿ ಬೇಕಾದ ಮಾರ್ಪಾಟು ಯಾವುದು ಎಂದು ಕನ್ನಡದಲ್ಲಿ ಒಂದು ಪುಟದ ತಿಳಿವಳಿಕೆ ಹೊರಡಿಸಿ.

ಇನ್ನು ಗಾಡಿಯವರೊಡನೆ ನಾಲ್ಕು ಮಾತು, ಬೇಡಿಕೆ ಬರೀ ಒಂದು ಕಡೆಯದಾಗಬಾರದಲ್ಲ.

ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಹಾಸಿಗೆಯ ಅಡಿಗೆ ಹೋಗಿ ಕೂರುತ್ತದೆ. ಸಿಲಿಂಡರ್ ಇಟ್ಟ ಪೆಟ್ಟಿಗೆಯ ತಳದಲ್ಲಿ ಹೊರಗೆ ತೆರೆಯುವ ತೂತು ಇರಲೇಬೇಕು. 5 ಕಿಲೋದ ಸಿಲಿಂಡರ್ ಇಬ್ಬರಿಗೆ ಮೂರು ನಾಲ್ಕು ವಾರ ಬರುತ್ತದೆ, 14.2 ಕಿಲೋದ ಮನೆಯ ಸಿಲಿಂಡರನ್ನು ಅಡ್ಡ ಮಲಗಿಸಿ ಒಯ್ಯುವವರು ದಯವಿಟ್ಟು ನಮ್ಮ ಪಕ್ಕದಲ್ಲಿ ನಿಲ್ಲಿಸಬೇಡಿ. ಓಡುವಾಗ ವಾಲ್ವ್ ಬಂದ್, ಟ್ಯೂಬಿನ ಮೇಲಿನ ದಿನಾಂಕ ನೋಡಿ ಬದಲಿಸಿ, ಕಿಟಕಿ ಮುಚ್ಚಿ ಒಲೆ ಹಚ್ಚಬೇಡಿ.

ಕಡಲ ಬದಿಯಲ್ಲಿ ಮೂರು ನಾಲ್ಕು ದಿನ ಒಂದೇ ಕಡೆ ನಿಲ್ಲುವುದಿದ್ದರೆ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ. ಉಪ್ಪುಗಾಳಿಗೆ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ, ಹೊರಡುವಾಗ ಹಿಂದಿನ ಚಕ್ರ ತಿರುಗುವುದಿಲ್ಲ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಪ್ರವಾಸ ಮುಗಿದ ದಿನ ಗಾಡಿಯ ಅಡಿಭಾಗಕ್ಕೆ ಸಿಹಿನೀರು ಹೊಡೆಸಿ, ಬ್ಯಾಟರಿ ಟರ್ಮಿನಲ್ಲಿಗೆ ವ್ಯಾಸಲಿನ್ ಸವರಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಎರಡು ವರ್ಷ ಹಳತಾದ ಆಯಿಲಿನಲ್ಲಿ, ನೀರು, ಹಾಸಿಗೆ, ಪಾತ್ರೆಗಳ ಭಾರ ಹೊತ್ತು ದೇವಿಮನೆ, ಅರಬೈಲ್ ಘಟ್ಟ ಇಳಿದರೆ ನಡುದಾರಿಯಲ್ಲಿ ಅದು ಕುದ್ದು ಪೆಡಲ್ ತಳಕ್ಕೆ ಹೋಗುತ್ತದೆ. ಎರಡನೇ ಗೇರಿನಲ್ಲಿ ಇಳಿಯಿರಿ. ಹಿಂದಿನವನು ಹಾರ್ನ್ ಹೊಡೆದರೆ ಹೊಡೆಯಲಿ.

ಹೊಯಿಗೆಗೆ ಗಾಡಿ ಇಳಿಸಬೇಡಿ ಎಂದು ಮೇಲೆಯೇ ಹೇಳಿದ್ದಾಯಿತು. ತಪ್ಪಿ ಸಿಕ್ಕಿಕೊಂಡರೆ ಆಕ್ಸಿಲೇಟರ್ ಒತ್ತಿದಷ್ಟೂ ಚಕ್ರ ತನ್ನ ಗುಂಡಿ ತಾನೇ ತೋಡುತ್ತದೆ. ಸಾಮಾನು ಇಳಿಸಿ, ಚಕ್ರದ ಗಾಳಿಯನ್ನು 15–18 ಪಿಎಸ್ಐಗೆ ಇಳಿಸಿ, ಚಕ್ರದ ಮುಂದೆ ತೆಂಗಿನ ಮಡಲು ಹಾಸಿ, ಸ್ಟೇರಿಂಗ್ ನೇರವಿಟ್ಟು ಬಂದ ಜಾಡಿನಲ್ಲೇ ಹಿಂದಕ್ಕೆ ತೆಗೆಯಿರಿ. ಡಾಂಬರು ಸಿಕ್ಕ ಕೂಡಲೇ ಗಾಳಿ ತುಂಬಿಸಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ಉಬ್ಬರ ಉಳಿದ ದಿನಗಳಿಗಿಂತ ತುಂಬ ಮೇಲೆ ಬರುತ್ತದೆ, ಅದರ ವೇಳೆ ದಿನಕ್ಕೆ ಮುಕ್ಕಾಲು ತಾಸಿನಷ್ಟು ಮುಂದೆ ಹೋಗುತ್ತದೆ. ನಿನ್ನೆ ಸಂಜೆ ಒಣಗಿದ್ದ ಜಾಗ ಇವತ್ತು ಅದೇ ಹೊತ್ತಿಗೆ ಒಣಗಿರುತ್ತದೆಂಬ ಖಾತರಿಯಿಲ್ಲ. ಗಜನಿ ಗದ್ದೆಯ ಒಡ್ಡಿನ ಮೇಲಂತೂ ಹತ್ತಲೇಬೇಡಿ, ಮೇಲೆ ಒಣಗಿದ್ದರೂ ಒಳಗೆ ಜೇಡಿಕೆಸರು; ಒಡ್ಡು ಕುಸಿದರೆ ಉಪ್ಪುನೀರು ನುಗ್ಗಿ ಕಗ್ಗ ಭತ್ತ ಬೆಳೆಯುವವನ ವರ್ಷದ ಅನ್ನ ಹೋಗುತ್ತದೆ.

ಸೆಕೆ ತಾಳದೆ ಶಿರಸಿ, ಸಿದ್ದಾಪುರದ ಕಡೆ ಘಟ್ಟ ಹತ್ತುವವರು ಡಿಸೆಂಬರ್‌ನಿಂದ ಮೇವರೆಗೆ ಕಾಡಿನಂಚಿನ ದರಗಿನ ಮೇಲೆ ಚಾಪೆ ಹಾಸಬಾರದು. ಮಂಗನ ಕಾಯಿಲೆ ಹರಡುವುದು ಉಣ್ಣಿಗಳಿಂದ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಉಣ್ಣಿ ಹತ್ತಿರ ಸುಳಿಯದಂತೆ ಹಚ್ಚುವ ಡೀಪಾ ತೈಲವನ್ನೂ ಅಲ್ಲೇ ಕೇಳಿ, ಕೈಕಾಲಿಗೆ ಹಚ್ಚಿಕೊಂಡೇ ಕಾಡಿನ ಕಡೆ ಹೋಗಿ.

ಜಿಲ್ಲಾಡಳಿತಕ್ಕೆ ಮತ್ತೆ: ಐದೂ ತಾಲ್ಲೂಕಿನಲ್ಲಿ ಒಟ್ಟಿಗೆ ಆಗಬೇಕೆಂದು ಹಟವಿಲ್ಲ. ಉತ್ತರ, ದಕ್ಷಿಣ, ಶಿರಸಿ, ಮೂರೂ ಕಡೆಯ ದಾರಿ ಕೂಡುವುದು ಕುಮಟಾದಲ್ಲಿ. ಅಲ್ಲಿ ಈಗಿರುವ ಯಾವುದಾದರೂ ಸಾರ್ವಜನಿಕ ಶೌಚಾಲಯದ ಹಿಂಬದಿಗೆ ಒಂದು ಒರಿಸ್ಸಾ ಪ್ಯಾನ್, ಒಂದು ಕೆಂಪು ನಲ್ಲಿ, ನಾಲ್ಕು ಗಾಡಿಯ ಜಲ್ಲಿ ನೆಲ ಬರುವ ಅಕ್ಟೋಬರ್ ಒಳಗೆ ಆಗಲಿ. ನಕ್ಷೆ ಬರೆದುಕೊಡುತ್ತೇವೆ, ಕೊಳವೆಯ ಇಳಿಜಾರು ಅಳೆಯುವ ದಿನ ಬಂದು ನಿಲ್ಲುತ್ತೇವೆ, ಮೊದಲ ಡಬ್ಬಿಯನ್ನು ನಾವೇ ಸುರಿದು ಎಲ್ಲಿ ಸಿಡಿಯುತ್ತದೆ ಎಂದು ನೋಡಿ ಹೇಳುತ್ತೇವೆ.

ಇತಿ,
ವ್ಯಾನ್ ಕಟ್ಟುವ, ರಿಪೇರಿ ಮಾಡುವ, ಓಡಿಸುವ ಕೆಲವರು
ಕಾರವಾರ, ಕುಮಟಾ, ಶಿರಸಿ